ಊರೊಳಗೆ ಸರಿ, ಘಾಟಿ ಹತ್ತುವಾಗ ಮಾತ್ರ ಬಿಸಿ: ಹಳೇ ಮಾರುತಿ 800ರ ನೀರು ಎಲ್ಲಿ ಹೋಗುತ್ತಿದೆ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2005ರ ಮಾರುತಿ 800. ಮೊನ್ನೆ ಧರ್ಮಸ್ಥಳದಿಂದ ಚಿಕ್ಕಮಗಳೂರಿಗೆ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಯಿತು. ನಿಲ್ಲಿಸಿ ಆರಿಸಿಕೊಂಡು ಬಂದೆವು. ಊರೊಳಗೆ ಓಡಿಸಿದರೆ ಏನೂ ಆಗಲ್ಲ. ಆದರೆ ಆಗಾಗ ರೇಡಿಯೇಟರಿಗೆ ನೀರು ಹಾಕಬೇಕು, ಗಾಡಿ ಕೆಳಗೆ ನೋಡಿದರೆ ಒಂದು ಹನಿಯೂ ಇರಲ್ಲ. ಗ್ಯಾರೇಜಿನವರು ಥರ್ಮೋಸ್ಟಾಟ್ (ಇಂಜಿನ್ ಬಿಸಿಯೇರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಕಿದ್ದಾರೆ. ಈಗ ರೇಡಿಯೇಟರ್ ಹೊಸದು ಹಾಕಿಸಿ ಅಂತಿದ್ದಾರೆ. ಹಾಕಿಸಲಾ?

ಉತ್ತರ: ಈಗಲೇ ಬೇಡ ಸರ್. ನೀರು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗದೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡು ಮುಗಿಯುತ್ತದೆ, ಬಿಸಿ ಹಾಗೇ ಇರುತ್ತದೆ.

ಮೊದಲು ಗಾಡಿ ಯಾವಾಗ ಬಿಸಿಯಾಗುತ್ತದೆ ಅನ್ನೋದು ಮುಖ್ಯ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾದರೆ ಫ್ಯಾನ್, ಅದರ ಸ್ವಿಚ್, ರಿಲೇ, ಫ್ಯೂಸ್ ನೋಡಬೇಕು. ನಿಮ್ಮದು ಏರು ಹತ್ತುವಾಗ ಮಾತ್ರ. ಅಂದರೆ ನೀರು ಕಡಿಮೆ ಇದೆ, ಇಲ್ಲವೇ ಸರಿಯಾಗಿ ಓಡಾಡುತ್ತಿಲ್ಲ, ಇಲ್ಲವೇ ಒತ್ತಡ ನಿಲ್ಲುತ್ತಿಲ್ಲ.

ಒತ್ತಡದ ವಿಷಯ ಸ್ವಲ್ಪ ಕೇಳಿ, ಇದನ್ನು ಯಾರೂ ನೋಡಲ್ಲ. ರೇಡಿಯೇಟರ್ ಮುಚ್ಚಳ ಕುಕ್ಕರ್ ಮುಚ್ಚಳ ಇದ್ದ ಹಾಗೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಘಾಟಿ ಮೇಲೆ ಹೋದಂತೆ ಅದಕ್ಕೂ ಮೊದಲೇ. ಮುಚ್ಚಳ 0.9 ಕೆಜಿ ಒತ್ತಡ ಹಿಡಿದುಕೊಂಡರೆ ಸುಮಾರು 118 ಡಿಗ್ರಿವರೆಗೂ ಕುದಿಯಲ್ಲ, ಕೂಲೆಂಟ್ ಬೆರೆಸಿದ್ದರೆ ಇನ್ನೂ ಜಾಸ್ತಿ. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಇದೆಲ್ಲ ಹೋಯಿತು. ಇಡೀ ಸಿಸ್ಟಮ್‌ನಲ್ಲಿ ಅಗ್ಗದ ಪಾರ್ಟ್ ಅದೇ, ಆದರೂ ಅದನ್ನು ಬಿಟ್ಟು ಸೀದಾ ರೇಡಿಯೇಟರಿಗೆ ಕೈ ಹಾಕುತ್ತಾರೆ.

ನಾಳೆ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ರಬ್ಬರ್ ನೋಡಿ. ಮತ್ತೆ ಹಾಕಿ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಚುಕಿ. ಇಂಜಿನ್ ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲೇ ಪೈಪ್ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಮೇಲೆ ಅನುಮಾನ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿ ಬಣ್ಣ ಇದ್ದರೂ, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೂ ಅದೇ. ಆಮೇಲೆ ಟಾರ್ಚ್ ಹಿಡಿದು ಹೋಸ್ ಕ್ಲಾಂಪ್, ರೇಡಿಯೇಟರ್ ಅಂಚು, ವಾಟರ್ ಪಂಪ್ ಕೆಳಗೆ ನೋಡಿ. ನೀರೇ ಕಾಣಬೇಕು ಅಂತಿಲ್ಲ, ಒಣಗಿದ ಬಿಳಿ ಕಲೆ ಸಾಕು. ಎಡಗಡೆ ಸೀಟಿನ ಮುಂದೆ ಮ್ಯಾಟ್ ಎತ್ತಿ ನೋಡಿ, ಹೀಟರ್ ಸೋರಿದರೆ ಅಲ್ಲಿ ಒದ್ದೆ ಇರುತ್ತದೆ.

ಪ್ರಶ್ನೆ: ನೋಡಿದೆ ಸರ್. ಪೈಪ್ ಬಿಸಿಯಾದ ಮೇಲಷ್ಟೇ ಗಟ್ಟಿಯಾಯಿತು, ಆಯಿಲ್ ಚೆನ್ನಾಗಿದೆ. ಮ್ಯಾಟ್ ಕೆಳಗೂ ಒಣಗಿದೆ. ಮುಚ್ಚಳದ ರಬ್ಬರ್ ಮುಟ್ಟಿದರೆ ಪುಡಿ ಉದುರುತ್ತಿದೆ. ವಾಟರ್ ಪಂಪ್ ಕೆಳಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇಳಿದಿದೆ. ಆದರೆ ಹನಿ ಬೀಳಲ್ಲವಲ್ಲ?

ಉತ್ತರ: ಸಿಕ್ಕಿತಲ್ಲ! ಪಂಪಿನ ಶಾಫ್ಟ್ ಸೀಲ್ ಹೋದರೆ ನೀರು ಹೊರಗೆ ಬರಲಿ ಅಂತಲೇ ಅಲ್ಲೊಂದು ಸಣ್ಣ ತೂತು ಬಿಟ್ಟಿರುತ್ತಾರೆ. ಗಾಡಿ ಓಡುವಾಗ ಒತ್ತಡಕ್ಕೆ ನೀರು ಅಲ್ಲಿಂದ ಜಿನುಗುತ್ತದೆ, ಬಿಸಿ ಇಂಜಿನ್ ಮೇಲೆ ಅಲ್ಲೇ ಆರುತ್ತದೆ, ಬೋರ್‌ವೆಲ್ ನೀರಿನ ಉಪ್ಪು ಮಾತ್ರ ಉಳಿಯುತ್ತದೆ. ನಿಲ್ಲಿಸಿದಾಗ ಒತ್ತಡವೂ ಇಲ್ಲ, ಹನಿಯೂ ಇಲ್ಲ. ಪಂಪ್, ಮುಚ್ಚಳ ಎರಡೂ ಹೊಸದು ಹಾಕಿಸಿ, ಬೆಲ್ಟ್ ಹಳೆಯದಾಗಿದ್ದರೆ ಅದನ್ನೂ. ಥರ್ಮೋಸ್ಟಾಟ್ ಹೊಸದು ಕೂರಿಸಿ. ಅದಿಲ್ಲದಿದ್ದರೆ ಚಳಿಗಾಲದಲ್ಲಿ ಇಂಜಿನ್ ಬೇಗ ಬಿಸಿಯೇರಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಇನ್ನೊಬ್ಬರು: ಪಂಪ್ ಯಾಕೆ ಸರ್, ರೇಡಿಯೇಟರಿಗೆ ಎರಡು ಚಮಚ ಅರಿಶಿನ ಪುಡಿ ಹಾಕಿದರೆ ಲೀಕ್ ನಿಲ್ಲುತ್ತದೆ. ನಮ್ಮ ಲಾರಿಯಲ್ಲಿ ಮಾಡಿದ್ದೇವೆ.

ಉತ್ತರ: ರೇಡಿಯೇಟರಿನ ಸೂಜಿತೂತಿಗೆ ಮನೆ ಸೇರುವಷ್ಟು ಹೊತ್ತು ನಿಲ್ಲಬಹುದು ಅಣ್ಣ. ಸುತ್ತುವ ಶಾಫ್ಟಿನ ಸೀಲಿಗೆ ನಿಲ್ಲಲ್ಲ. ಆ ಪುಡಿ ಆಮೇಲೆ ಹೀಟರ್ ಪೈಪಿನಲ್ಲಿ, ರೇಡಿಯೇಟರ್ ಕೊಳವೆಗಳಲ್ಲಿ ಕೂರುತ್ತದೆ. ಇವರ ಗಾಡಿಯಲ್ಲಿ ಈಗಾಗಲೇ ಬೋರ್‌ವೆಲ್ ಸುಣ್ಣ ಇದೆ, ಅದರ ಮೇಲೆ ಅರಿಶಿನ ಯಾಕೆ?

ಪ್ರಶ್ನೆ: ಪಂಪ್ ಹಾಕಿಸುವ ಮೊದಲು ಮತ್ತೆ ದಾರಿಯಲ್ಲಿ ಬಿಸಿಯಾದರೆ?

ಉತ್ತರ: ಎಸಿ ಆಫ್ ಮಾಡಿ, ಹೀಟರ್ ಫುಲ್ ತಿರುಗಿಸಿ. ಒಳಗೆ ಕೂರೋಕಾಗಲ್ಲ, ಆದರೆ ಇಂಜಿನ್ ಬಿಸಿ ಒಂದಿಷ್ಟು ಹೊರಗೆ ಹೋಗುತ್ತದೆ. ಮುಳ್ಳು ಇಳಿಯದಿದ್ದರೆ ನಿಲ್ಲಿಸಿ. ಹೆಡ್ ಅಲ್ಯೂಮಿನಿಯಂ, ಇನ್ನೊಂದು ತಿರುವು ಅಂತ ಓಡಿಸಿದರೆ ಸೊಟ್ಟಗಾಗುತ್ತದೆ, ಆಮೇಲೆ ಲೇತ್‌ಗೆ ಕೊಟ್ಟು ಸಮ ಮಾಡಿಸಬೇಕು. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಮುಖ ಸುಡುತ್ತದೆ. ಅರ್ಧ ಗಂಟೆಗಿಂತ ಜಾಸ್ತಿಯೇ ಕಾಯಿರಿ, ತಣ್ಣೀರು ಒಮ್ಮೆಲೇ ಸುರಿಯಬೇಡಿ.

ಪಂಪ್ ಹಾಕಿಸಿದ ದಿನ ಕೂಲೆಂಟ್ ತುಂಬುವಾಗ ಹೀಟರ್ ತೆರೆದಿಡಲು ಹೇಳಿ. ಒಳಗಿನ ಗಾಳಿ ಹೋಗಬೇಕು, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೂ ಐಡಲ್‌ನಲ್ಲಿ ಬಿಡಲಿ. ಮಾರನೇ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಆಮೇಲೂ ಇಳಿಯುತ್ತಾ ಹೋದರೆ ಪ್ರೆಶರ್ ಟೆಸ್ಟ್ ಮಾಡಿಸಿ ಇಲ್ಲೇ ಬರೆಯಿರಿ.