60 ಸಾವಿರದೊಳಗೆ ಹಕ್ಕಿ ಲೆನ್ಸ್: ನಿಕಾನ್ 200-500 ತಗೊಳ್ಳಲಾ, ಸಿಗ್ಮಾ 150-600 ತಗೊಳ್ಳಲಾ?

ಕೆರೆದಂಡೆ (ಲಕ್ಷ್ಮೇಶ್ವರ)

ಎಲ್ಲರಿಗೂ ನಮಸ್ಕಾರ. ಲಕ್ಷ್ಮೇಶ್ವರದಲ್ಲಿ ನನ್ನದೊಂದು ಔಷಧಿ ಅಂಗಡಿ. ಭಾನುವಾರ ಬೆಳಿಗ್ಗೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬೈಕ್ ಹತ್ತಿ ಮಾಗಡಿ ಕೆರೆಗೆ ಹೋಗುತ್ತೇನೆ. ರಾಮನಗರದ ಕಡೆಯ ಮಾಗಡಿ ಅಲ್ಲ, ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅದೇ ಕೆರೆ. ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಗುಂಪು ಗುಂಪಾಗಿ ನೀರಿಗೆ ಇಳಿಯುತ್ತವೆ. ನನಗೆ ಬೇಕಾಗಿರುವುದು ಆ ಇಳಿಯುವ ಫೋಟೊ.

ಕ್ಯಾಮೆರಾ ನಿಕಾನ್ ಡಿ5600. ಅದರ ಜೊತೆ ಕಿಟ್‌ನಲ್ಲಿ ಬಂದ 70-300 ಮಿ.ಮೀ. ಲೆನ್ಸ್ ಇದೆ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಹೆಬ್ಬಾತುಗಳು ದಂಡೆಯಿಂದ ದೂರ ಕೂರುತ್ತವೆ. 300ಕ್ಕೆ ಹಾಕಿ ತೆಗೆದರೂ ಹಕ್ಕಿ ಚಿಕ್ಕದು. ಕ್ರಾಪ್ ಮಾಡಿದರೆ ತಲೆಯ ಎರಡು ಪಟ್ಟೆಯೂ ಸರಿಯಾಗಿ ಕಾಣುವುದಿಲ್ಲ.

ಕೈಯಲ್ಲಿರುವುದು 60 ಸಾವಿರ. ತುಂಬಾ ಎಳೆದರೆ 65. ಹೊಸದು ಆಗದ ಮಾತು, ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಒಬ್ಬರು ನಿಕಾನ್ 200-500 ಕೊಡುತ್ತಿದ್ದಾರೆ. ಬಿಲ್ ಇದೆ, 62 ಹೇಳುತ್ತಿದ್ದಾರೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಸಿಗ್ಮಾ 150-600 ಕಂಟೆಂಪರರಿ 55ಕ್ಕೆ ಇದೆ. ಗೆಳೆಯನೊಬ್ಬ "ಅಷ್ಟೆಲ್ಲಾ ಯಾಕೆ, ನಿಕಾನಿನ ಹಳೇ 80-400 ಕಡಿಮೆಗೆ ಕೊಡಿಸುತ್ತೇನೆ" ಅನ್ನುತ್ತಾನೆ. ಆನ್‌ಲೈನ್‌ನಲ್ಲಿ 420-800 ಅಂತ ಒಂದು ಹೊಸ ಲೆನ್ಸ್ ಬಹಳ ಅಗ್ಗಕ್ಕೆ ಕಾಣುತ್ತಿದೆ. ಅದು ಹೇಗೆ?

ಇನ್ನೂ ಎರಡು ವಿಷಯ. ಟ್ರೈಪಾಡ್ ಹೊರುವ ಪೈಕಿ ನಾನಲ್ಲ. ಮತ್ತೆ ಆಗಾಗ ಕಪ್ಪತಗುಡ್ಡದ ಕಡೆ ನಡೆಯುವುದೂ ಇದೆ, ತೂಕದ ಬಗ್ಗೆ ಸ್ವಲ್ಪ ಹೆದರಿಕೆ. ಬಳಸಿದವರು ಹೇಳಿ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ.

ಬಂಡೆಕರಡಿ (ಹೊಸಪೇಟೆ)

ಮೊದಲು ಬೇಡದ್ದನ್ನು ಪಕ್ಕಕ್ಕಿಡೋಣ ಸರ್.

ಆ 420-800 ಮುಟ್ಟಲೇಬೇಡಿ. ಆಟೊಫೋಕಸ್ ಇಲ್ಲ, ಕೈಯಲ್ಲೇ ತಿರುಗಿಸಬೇಕು. ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, 8.3ರಿಂದ ಶುರುವಾಗಿ ತುದಿಯಲ್ಲಿ 16; ಈ ಸಂಖ್ಯೆ ಹೆಚ್ಚಾದಷ್ಟೂ ಬೆಳಕು ಕಡಿಮೆ. ಹಾರುವ ಹಕ್ಕಿಗೆ ಅದು ಲೆನ್ಸೇ ಅಲ್ಲ. ಚಂದ್ರನ ಫೋಟೊಗೆ ಆದೀತೇನೋ.

ಗೆಳೆಯರು ಹೇಳಿದ ಹಳೇ 80-400 ಅಂದರೆ ಡಿ ಮಾದರಿಯದು ಅಂದುಕೊಳ್ಳುತ್ತೇನೆ. ಅದರ ಒಳಗೆ ಫೋಕಸ್ ಮೋಟಾರ್ ಇಲ್ಲ, ಕ್ಯಾಮೆರಾದ ಮೋಟಾರ್ ಅದನ್ನು ತಿರುಗಿಸಬೇಕು. ನಿಮ್ಮ ಡಿ5600ರಲ್ಲೂ ಮೋಟಾರ್ ಇಲ್ಲ. ಹಾಕಿದರೆ ಕೂರುತ್ತೆ, ಫೋಕಸ್ ಆಗಲ್ಲ. ಇದೇ ಕಾರಣಕ್ಕೆ ಹಳೇ 300 ಎಫ್ 4 ಎಎಫ್ ಲೆನ್ಸೂ ನಿಮಗಲ್ಲ. ನಿಕಾನಿನ ಲೆನ್ಸ್ ಆದರೆ ಹೆಸರಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇರಲೇಬೇಕು. ಸಿಗ್ಮಾದಲ್ಲಿ ಎಚ್‌ಎಸ್‌ಎಂ ಅಂತ ಇರಬೇಕು.

ಈಗ ಉಳಿದ ಎರಡು. ಎಲ್ಲರೂ 500 ದೊಡ್ಡದೋ 600 ದೊಡ್ಡದೋ ಅಂತ ಜಗಳ ಆಡುತ್ತಾರೆ. ಲೆಕ್ಕ ಹಾಕಿ ನೋಡಿ. ಹೆಬ್ಬಾತು ಕೊಕ್ಕಿನಿಂದ ಬಾಲಕ್ಕೆ 70 ಸೆಂಟಿಮೀಟರ್ ಚಿಲ್ಲರೆ. ಅದು ನೂರು ಮೀಟರ್ ದೂರದಲ್ಲಿ ಕೂತಿದೆ ಅಂದುಕೊಳ್ಳಿ. ನಿಮ್ಮ ಕ್ಯಾಮೆರಾದಲ್ಲಿ 300ಕ್ಕೆ ಸುಮಾರು 7.8 ಮೀಟರ್ ಅಗಲದ ಜಾಗ ಫ್ರೇಮಿಗೆ ಬರುತ್ತೆ. 500ಕ್ಕೆ 4.7 ಮೀಟರ್. 600ಕ್ಕೆ 3.9. ಫೋಟೊ ಅಗಲ 6000 ಪಿಕ್ಸೆಲ್. ಅದರಲ್ಲಿ ಹಕ್ಕಿಗೆ ಸಿಗುವುದು 300ರಲ್ಲಿ 550ರ ಹತ್ತಿರ, 500ರಲ್ಲಿ 900, 600ರಲ್ಲಿ 1100. ಅಂದರೆ 300ರಿಂದ 500ಕ್ಕೆ ಹೋಗುವುದು ದೊಡ್ಡ ಜಿಗಿತ. ಅಲ್ಲಿಂದ 600ಕ್ಕೆ ಹೋಗುವುದು ಸಣ್ಣ ಹೆಜ್ಜೆ. ಅದನ್ನು ಕ್ರಾಪ್‌ನಲ್ಲಿ ಸರಿ ಮಾಡಿಕೊಳ್ಳಬಹುದು.

ಇನ್ನೊಂದು ಮಾತು. ನೂರು ಮೀಟರ್ ಆಚೆ ಯಾವ ಲೆನ್ಸೂ ನಿಮ್ಮನ್ನು ಕಾಪಾಡಲ್ಲ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕಾದ ಹಂಚಿನ ಮೇಲಿನ ಹಾಗೆ ಕುಣಿಯುತ್ತೆ. ಫೋಟೊ ಮೆತ್ತಗೆ ಬರುತ್ತೆ. ಆಗ ಜನ ಲೆನ್ಸಿಗೆ ಬೈಯುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಕೆಲಸ ಮುಗಿಸಿ.

ನನ್ನ ಓಟು ನಿಕಾನ್ 200-500ಕ್ಕೆ. 5.6 ಅಪರ್ಚರ್ 200ರಿಂದ 500ರ ತನಕ ಹಾಗೇ ಇರುತ್ತೆ. ಸಿಗ್ಮಾ ತುದಿಯಲ್ಲಿ 6.3. ವ್ಯತ್ಯಾಸ ಮೂರನೇ ಒಂದು ಸ್ಟಾಪ್ ಅಷ್ಟೇ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗುವುದು), ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 2000 ಬದಲು 2500. ಆದರೆ ಬಳಸಿದ ಬಹಳ ಜನ ಸಿಗ್ಮಾವನ್ನು 600ರಲ್ಲಿ 8ಕ್ಕೆ ಇಳಿಸಿಯೇ ತೆಗೆಯುತ್ತಾರೆ, ಆಗ ಇನ್ನೂ ಚೂಪಾಗಿ ಬರುತ್ತೆ ಅಂತ. ನಿಕಾನನ್ನು 5.6ರಲ್ಲೇ ಧೈರ್ಯವಾಗಿ ಬಳಸಬಹುದು. ನಾನು ದರೋಜಿಯಲ್ಲಿ ಬಳಸುವುದು ಇದೇ ಲೆನ್ಸ್. ಸಂಜೆ ಕರಡಿಗಳು ಬಂಡೆ ಮೇಲೆ ಬರುವ ಹೊತ್ತಿಗೆ ಬೆಳಕು ಕೈ ಕೊಡುತ್ತಿರುತ್ತೆ. ಅಲ್ಲಿ ಒಂದೊಂದು ಚೂರೂ ಲೆಕ್ಕಕ್ಕೆ ಬರುತ್ತೆ.

ಕೊರತೆಯೂ ಹೇಳಿಬಿಡುತ್ತೇನೆ. ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 2.3 ಕೆಜಿ. ಝೂಮ್ ರಿಂಗ್ ತುಂಬಾ ಉದ್ದಕ್ಕೆ ತಿರುಗಬೇಕು. 200ರಿಂದ 500ಕ್ಕೆ ಒಂದೇ ಸಲ ಹೋಗಲ್ಲ, ಮಧ್ಯೆ ಕೈ ಬದಲಿಸಬೇಕು. ಫೋಕಸ್ ವೇಗ ಪರವಾಗಿಲ್ಲ ಅನ್ನುವಷ್ಟು. ಕವಲುತೋಕೆ ಹಿಡಿಯಲು ಹೋದರೆ ಅಳುಬರುತ್ತೆ, ಹೆಬ್ಬಾತಿಗೆ ಧಾರಾಳ ಸಾಕು.

ಮಂಗಟ್ಟೆ (ಸಾಗರ)

ಬಂಡೆಕರಡಿ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಅವರು ವಾಚ್‌ಟವರಿನಲ್ಲಿ ಕೂತು ತೆಗೆಯುವವರು! ಪ್ರಶ್ನೆ ಕೇಳಿದವರು ಟ್ರೈಪಾಡ್ ಇಲ್ಲ, ಗುಡ್ಡ ಹತ್ತುತ್ತೇನೆ ಅಂದಿದ್ದಾರೆ. ಅದನ್ನು ಯಾರೂ ಕೇಳಿಸಿಕೊಂಡಂತಿಲ್ಲ.

ಕ್ಯಾಮೆರಾ ಸೇರಿ 2.8 ಕೆಜಿ ಹತ್ತಿರ ಆಗುತ್ತದೆ. ಅದನ್ನು ಕಣ್ಣಿಗೆ ಹಿಡಿದು ಹಕ್ಕಿ ತಿರುಗುವ ತನಕ ಕಾಯಿರಿ ನೋಡೋಣ. ಹಕ್ಕಿ ತಿರುಗುವ ಹೊತ್ತಿಗೆ ಕೈ ಕೆಳಗೆ ಬಂದಿರುತ್ತದೆ. ನನ್ನ ಸಲಹೆ ಸಿಗ್ಮಾ 100-400 ಕಂಟೆಂಪರರಿ, ನಿಕಾನ್ ಮೌಂಟ್ (ನಿಕಾನ್ ಕ್ಯಾಮೆರಾಕ್ಕೆ ಕೂರುವಂಥದ್ದು). 1.16 ಕೆಜಿ. 2017ರಲ್ಲಿ ಬಂದ ಲೆನ್ಸ್, ಸೆಕೆಂಡ್ ಹ್ಯಾಂಡ್ ಹುಡುಕಿದರೆ ನಿಮ್ಮ ಬಜೆಟ್ಟಿನಲ್ಲಿ ದುಡ್ಡು ಉಳಿಯುತ್ತದೆ. ಇದಕ್ಕೆ ಟ್ರೈಪಾಡ್ ಕಾಲರೇ ಇಲ್ಲ. ನಿಮಗೂ ಟ್ರೈಪಾಡ್ ಬೇಡ, ಸರಿಹೋಯಿತಲ್ಲ.

400 ಕಡಿಮೆ ಆಯಿತು ಅಂತ ಅನ್ನಬಹುದು. ಕೆರೆಗೆ ಕಡಿಮೆಯೇ, ಒಪ್ಪುತ್ತೇನೆ. ಆದರೆ ಜೊತೆಗಿದ್ದ ಲೆನ್ಸಿನಲ್ಲಿ ಮಾತ್ರ ಫೋಟೊ ಬರುತ್ತದೆ. ನನ್ನ ಗೆಳೆಯರಲ್ಲಿ ಇಬ್ಬರು ದೊಡ್ಡ ಲೆನ್ಸ್ ತಗೊಂಡು ಈಗ ರಂಗನತಿಟ್ಟಿಗೆ ಹೋಗುವಾಗ ಮಾತ್ರ ಹೊರಗೆ ತೆಗೆಯುತ್ತಾರೆ. ದೋಣಿಯಲ್ಲಿ ಕೂತು ತೆಗೆಯುವುದು, ಅಲ್ಲಿ ಹಕ್ಕಿ ಎಷ್ಟು ಹತ್ತಿರ ಅಂದರೆ 300 ಇದ್ದರೂ ಸಾಕಾಗುತ್ತದೆ. ಸುಮ್ನೆ ಹೊತ್ತಿದ್ದು.

ಯಾವುದೇ ತಗೊಳ್ಳಿ, ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಿ ಹಕ್ಕಿಯನ್ನು ಇನ್ನೂ ದೊಡ್ಡದಾಗಿ ತೋರಿಸುವ ತುಣುಕು) ಆಸೆ ಬೇಡ. 5.6 ಲೆನ್ಸಿಗೆ 1.4 ಹಾಕಿದರೆ 8 ಆಗುತ್ತದೆ, 6.3ಕ್ಕೆ ಹಾಕಿದರೆ 9. ಡಿ5600ರ ಫೋಕಸ್ 5.6ರ ತನಕದ ಬೆಳಕಿಗೆ ಮಾಡಿದ್ದು. ಹಿಂದೆ ಮುಂದೆ ಹುಡುಕುತ್ತಲೇ ಇರುತ್ತದೆ.

ಕೆರೆದಂಡೆ (ಲಕ್ಷ್ಮೇಶ್ವರ)

ಇಬ್ಬರಿಗೂ ಧನ್ಯವಾದ. 80-400 ಉಳಿಸಿದ್ದಕ್ಕೆ ಬಂಡೆಕರಡಿ ಸರ್‌ಗೆ ವಿಶೇಷವಾಗಿ. ಗೆಳೆಯನಿಗೆ ಫೋನ್ ಮಾಡಿ ಕೇಳಿದೆ, ಡಿ ಮಾದರಿಯೇ ಅಂತೆ.

ಮಂಗಟ್ಟೆ ಅವರೇ, ತೂಕದ ಮಾತು ಮನಸ್ಸಿಗೆ ನಾಟಿತು. ಆದರೂ ವರ್ಷದಲ್ಲಿ ಹೆಚ್ಚು ಹೊತ್ತು ನಾನು ಕೆರೆಯ ದಂಡೆಯಲ್ಲೇ ಇರುವವನು. ಕಪ್ಪತಗುಡ್ಡಕ್ಕೆ ಈಗಿರುವ 70-300 ಒಯ್ಯಬಹುದು ಅನಿಸುತ್ತಿದೆ. ಹುಬ್ಬಳ್ಳಿಯ ಲೆನ್ಸನ್ನು ಹೋಗಿ ನೋಡುವುದಾದರೆ ಏನೇನು ನೋಡಬೇಕು? ನನಗೆ ಕಾಣುವುದು ಗೀರು ಇದೆಯೋ ಇಲ್ಲವೋ ಅಷ್ಟೇ.

ಬಂಡೆಕರಡಿ (ಹೊಸಪೇಟೆ)

ಹೊರಗಿನ ಗೀರು ಬಿಡಿ, ಅದರಿಂದ ಬೆಲೆ ಇಳಿಯುತ್ತೆ, ಫೋಟೊ ಇಳಿಯಲ್ಲ.

ಟಾರ್ಚ್ ಒಯ್ಯಿರಿ. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಇದ್ದೇ ಇರುತ್ತೆ, ಈ ಲೆನ್ಸ್ ಝೂಮ್ ಮಾಡಿದಾಗ ಉದ್ದ ಆಗುವುದರಿಂದ ಗಾಳಿ ಎಳೆದುಕೊಳ್ಳುತ್ತೆ. ಜೇಡರ ಬಲೆಯ ಎಳೆ ಥರ ಕಂಡರೆ ಅದು ಫಂಗಸ್. ಎದ್ದು ಬಂದುಬಿಡಿ. ಚೌಕಾಸಿ ಕೂಡ ಬೇಡ.

ಆಮೇಲೆ ಫೋಕಸ್. ಇದು ಮುಖ್ಯ, ಯಾಕೆಂದರೆ ಡಿ7200, ಡಿ7500, ಡಿ500 ಕ್ಯಾಮೆರಾಗಳಲ್ಲಿ ಲೆನ್ಸಿಗೆ ತಕ್ಕಂತೆ ಫೋಕಸ್ ತಿದ್ದುವ ಸೌಲಭ್ಯ ಇದೆ. ನಿಮ್ಮದರಲ್ಲಿ ಇಲ್ಲ. ಲೆನ್ಸ್ ನಿಮ್ಮ ಕ್ಯಾಮೆರಾಕ್ಕೆ ಹಾಗೇ ಹೊಂದಬೇಕು. ಅಂಗಡಿಯಿಂದ ಮೂರು ಔಷಧಿ ಪೆಟ್ಟಿಗೆ ಒಯ್ಯಿರಿ, ಸಣ್ಣ ಅಕ್ಷರ ಇರುವಂಥವು. ಮೇಜಿನ ಮೇಲೆ ಒಂದರ ಹಿಂದೆ ಒಂದು, ಸ್ವಲ್ಪ ಪಕ್ಕಕ್ಕೆ ಸರಿಸಿ ನಿಲ್ಲಿಸಿ. ನಡುವೆ 10 ಸೆಂಟಿಮೀಟರ್ ಅಂತರ ಇರಲಿ. ಹತ್ತು ಮೀಟರ್ ದೂರ ಹೋಗಿ, ಲೆನ್ಸನ್ನು ಗೋಡೆಗೋ ಕುರ್ಚಿ ಬೆನ್ನಿಗೋ ಆನಿಸಿ, 500, 5.6ರಲ್ಲಿ ನಡುವಿನ ಪೆಟ್ಟಿಗೆಗೆ ಫೋಕಸ್ ಮಾಡಿ ತೆಗೆಯಿರಿ. ಆ ದೂರದಲ್ಲಿ ಚೂಪಾಗಿ ಬರುವ ಆಳ ಹತ್ತಿರ ಹತ್ತಿರ 9 ಸೆಂಟಿಮೀಟರ್. ಹಾಗಾಗಿ ಮುಂದಿನದೋ ಹಿಂದಿನದೋ ನಡುವಿನದಕ್ಕಿಂತ ಚೂಪಾಗಿ ಬಂದರೆ ತಕ್ಷಣ ಗೊತ್ತಾಗುತ್ತೆ. ಫೋಕಸ್ ಕೆಡಿಸಿ ಮತ್ತೆ ಮಾಡಿ, ನಾಲ್ಕಾರು ಸಲ ತೆಗೆಯಿರಿ. ಅದೇ ಫೋಟೊವನ್ನು ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಸ್ಕ್ರೀನ್ ನೋಡುತ್ತಾ, ತೆಗೆಯಿರಿ. ಅದರಲ್ಲಿ ಸರಿ ಇದ್ದು ವ್ಯೂಫೈಂಡರಿನಲ್ಲಿ ಮಾತ್ರ ಪ್ರತಿ ಸಲ ಒಂದೇ ಕಡೆ ತಪ್ಪಿದರೆ, ಈ ಲೆನ್ಸೂ ನಿಮ್ಮ ಕ್ಯಾಮೆರಾವೂ ಜೋಡಿ ಆಗಲ್ಲ. ಸಿಗ್ಮಾಕ್ಕೆ ಇಲ್ಲೊಂದು ಅನುಕೂಲ ಇದೆ. ಅವರ ಯುಎಸ್‌ಬಿ ಡಾಕ್ ತಗೊಂಡರೆ ಕ್ಯಾಮೆರಾದ ಹಂಗಿಲ್ಲದೆ ಲೆನ್ಸಿನಲ್ಲೇ ತಿದ್ದಬಹುದು, ನಾಲ್ಕು ಝೂಮ್ ಜಾಗ, ಒಂದೊಂದಕ್ಕೂ ನಾಲ್ಕು ದೂರ. ಅದನ್ನು ಮರೆಮಾಚಿ ನಿಕಾನ್ ಮಾತ್ರ ಹೊಗಳುವುದು ಸರಿಯಲ್ಲ.

ಗೋಡೆಗೆ ಪೇಪರ್ ಅಂಟಿಸಿ ಒಂದು ಫೋಟೊ ತೆಗೆದು ನಾಲ್ಕೂ ಮೂಲೆ ಹೋಲಿಸಿ. ಒಂದೇ ಮೂಲೆ ಮಸುಕಾಗಿದ್ದರೆ ಲೆನ್ಸ್ ಬಿದ್ದಿರಬಹುದು. 5.6, 8, 11 ಮೂರರಲ್ಲೂ ತೆಗೆದು ಬೆಳಕು ಒಂದೇ ಇದೆಯಾ ನೋಡಿ. ಈ ಲೆನ್ಸಿನಲ್ಲಿ ಅಪರ್ಚರ್ ನಡೆಯುವುದು ಕರೆಂಟಿನಲ್ಲಿ, ಕೆಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತೆ. ಲೆನ್ಸಿನ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ಅದೇ ಇರಬೇಕು.

ಸಿಲ್ಕ್‌ಬೋರ್ಡ್ (ಬೆಂಗಳೂರು)

ಇಷ್ಟು ದುಡ್ಡನ್ನು ಡಿಎಸ್‌ಎಲ್‌ಆರ್ ಲೆನ್ಸಿಗೆ ಈಗಲೂ ಹಾಕಬೇಕಾ? ನಾನು ಎಲ್ಲಾ ಮಾರಿ ಕ್ಯಾನನ್ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಹೋದೆ. ಆರ್‌ಎಫ್ 100-400 ಬರೀ 635 ಗ್ರಾಂ! ಹಕ್ಕಿಯ ಕಣ್ಣನ್ನು ಕ್ಯಾಮೆರಾನೇ ಹುಡುಕುತ್ತೆ. ಅದೂ ಅಲ್ಲದೆ ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತೆ. ಒಂದು ವಾರಾಂತ್ಯ ತಗೊಂಡು ನೋಡಿ ನಿರ್ಧಾರ ಮಾಡಬಹುದಲ್ವಾ?

ಬಂಡೆಕರಡಿ (ಹೊಸಪೇಟೆ)

ಬಾಡಿಗೆ ಸಲಹೆ ಒಳ್ಳೇದು, ಆದರೆ ಲಕ್ಷ್ಮೇಶ್ವರದಿಂದ ಬೆಂಗಳೂರಿಗೆ ಹೋಗಿ ಬರುವ ಖರ್ಚೂ ಹಿಡಿಯಿರಿ. ಆರ್‌ಎಫ್ ಲೆನ್ಸ್ 400ರಲ್ಲಿ ಎಫ್ 8, ಜೊತೆಗೆ ಕ್ಯಾಮೆರಾನೂ ಕೊಳ್ಳಬೇಕು. ಅವರ ಬಜೆಟ್ 60. ಇವತ್ತು 200-500 ತಗೊಂಡರೆ ಮುಂದೆ ನಿಕಾನಿನ ಮಿರರ್‌ಲೆಸ್ ಝಡ್ ಕ್ಯಾಮೆರಾಕ್ಕೆ ಹೋದಾಗ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು, ಆಟೊಫೋಕಸ್ ಸಮೇತ.

ಕೆರೆದಂಡೆ (ಲಕ್ಷ್ಮೇಶ್ವರ)

ಹುಬ್ಬಳ್ಳಿಗೆ ಹೋಗಿ ಬಂದೆ. ಮೂರು ಪ್ಯಾರಸಿಟಮಾಲ್ ಪೆಟ್ಟಿಗೆ ಮೇಜಿನ ಮೇಲೆ ಜೋಡಿಸಿದಾಗ ಮಾರುವವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರೇ ಬಗ್ಗಿ ಸ್ಕ್ರೀನ್ ನೋಡತೊಡಗಿದರು. ನಡುವಿನ ಪೆಟ್ಟಿಗೆಯ ಬ್ಯಾಚ್ ನಂಬರ್ ಓದಲು ಬರುತ್ತಿತ್ತು, ವ್ಯೂಫೈಂಡರಿನಲ್ಲೂ ಲೈವ್ ವ್ಯೂನಲ್ಲೂ. ಮೂಲೆಗಳು ಸರಿ ಇವೆ. ಫಂಗಸ್ ಇಲ್ಲ, ಧೂಳು ಇದೆ. ಮುಂದಿನ ಹುಡ್ ಒಡೆದಿದೆ, ಅದನ್ನು ತೋರಿಸಿ 59ಕ್ಕೆ ಇಳಿಸಿದೆ. ಬಿಲ್ಲಿನ ನಂಬರ್ ತಾಳೆ ಆಯಿತು. ತಗೊಂಡೆ.

ಮಂಗಟ್ಟೆ ಅವರೇ, ಕೈ ನೋವಿನ ವಿಷಯ ಒಂದು ತಿಂಗಳು ಬಿಟ್ಟು ಬರೆಯುತ್ತೇನೆ. ಬೈಕಿನಲ್ಲಿ ಒಯ್ಯುವುದು ಹೇಗೆ? ಸೈಡ್ ಬಾಕ್ಸ್ ಇದೆ, ಅದರಲ್ಲಿ ಸರಿಯಾಗಿ ಹಿಡಿಯುತ್ತದೆ.

ಮಂಗಟ್ಟೆ (ಸಾಗರ)

ಅಭಿನಂದನೆ! ಸೈಡ್ ಬಾಕ್ಸ್ ಬೇಡ. ಬೈಕಿನ ಅದುರು ನೇರವಾಗಿ ಲೆನ್ಸಿಗೆ ಹೋಗುತ್ತದೆ, ಒಳಗಿನ ಸ್ಕ್ರೂ ಸಡಿಲ ಆಗುತ್ತವೆ. ಬೆನ್ನ ಮೇಲಿನ ಬ್ಯಾಗಿನಲ್ಲಿ ಒಯ್ಯಿರಿ, ಕ್ಯಾಮೆರಾ ಬಿಚ್ಚಿ ಬೇರೆ ಇಡಿ. ಕ್ಯಾಮೆರಾ ಪಟ್ಟಿಯಿಂದ ಕೊರಳಿಗೆ ತೂಗು ಹಾಕಬೇಡಿ, 2.3 ಕೆಜಿ ಪೂರ್ತಿ ಡಿ5600ರ ಮೌಂಟ್ ಮೇಲೆ ಜಗ್ಗುತ್ತದೆ. ಹಿಡಿಯುವುದೂ, ಪಟ್ಟಿ ಕಟ್ಟುವುದೂ ಲೆನ್ಸಿನ ಕಾಲರ್‌ಗೆ. ದಂಡೆಯಲ್ಲಿ ಕೂರುವಾಗ ಹಳೇ ಜೀನ್ಸ್ ಕಾಲು ಕತ್ತರಿಸಿ ಅಕ್ಕಿ ತುಂಬಿ ಹೊಲಿದ ಚೀಲ ಒಂದು ಇರಲಿ, ಬ್ಯಾಗನ್ನು ನೆಲಕ್ಕಿಟ್ಟು ಅದರ ಮೇಲೆ ಚೀಲ, ಚೀಲದ ಮೇಲೆ ಲೆನ್ಸ್. ಮಳೆಗಾಲದಲ್ಲಿ ಮಾತ್ರ ಆ ಚೀಲವನ್ನು ಲೆನ್ಸಿನ ಡಬ್ಬಿಯಲ್ಲಿ ಇಡಬೇಡಿ, ಅಕ್ಕಿ ತೇವ ಹಿಡಿಯುತ್ತದೆ. ಡಬ್ಬಿಗೆ ಸಿಲಿಕಾ ಜೆಲ್ ಹಾಕಿ. ಔಷಧಿ ಡಬ್ಬಿಗಳಲ್ಲಿ ಬರುವ ಪುಟ್ಟ ಪೊಟ್ಟಣ ಸಾಲದು, ದೊಡ್ಡದು ತರಿಸಿಕೊಳ್ಳಿ.