ಭಾನುವಾರದ ಪ್ರಶ್ನೋತ್ತರ: ಅಗ್ಗದ ಆನ್‌ಲೈನ್ ಮಾಲು, ಕಾರ್ಡ್ ಮೋಸ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹಬ್ಬದ ಸೇಲ್ ಶುರುವಾಗಿದೆ. ಹೋದ ವಾರ ಗುಂಪಿನ ಮೂರು ಜನ ದುಡ್ಡು ಕಳೆದುಕೊಂಡ ಸುದ್ದಿ ಹೇಳಿದರು. ಅದಕ್ಕೇ ಇವತ್ತು ಬ್ಯಾಂಕ್ ಮೇಡಂ ಅವರನ್ನು ಕೇಳಿಕೊಂಡಿದ್ದೇವೆ. ಬ್ಯಾಂಕಿನ ಕಾರ್ಡ್ ದೂರು ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದು ನಿವೃತ್ತರಾದವರು, ಈಗ ಚಿಕ್ಕಮಗಳೂರಲ್ಲೇ ಇದ್ದಾರೆ. 10ರಿಂದ 12 ಗಂಟೆ. ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ.

ಬ್ಯಾಂಕ್ ಮೇಡಂ: ನಮಸ್ಕಾರ. ಕೇಳಿ, ಗೊತ್ತಿದ್ದದ್ದು ಹೇಳುತ್ತೇನೆ. ಒಂದು ಮಾತು ಮೊದಲೇ. ಕಾರ್ಡ್ ನಂಬರ್, ಫೋಟೋ, ಓಟಿಪಿ ಯಾವುದನ್ನೂ ಇಲ್ಲಿ ಹಾಕಬೇಡಿ. ನನಗೂ ಕಳಿಸಬೇಡಿ.

ಕಡೂರು ತೆಂಗು: ಮೇಡಂ ನಮಸ್ತೆ. ಸೈಟ್ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತೆ? ಮೇಲ್ಗಡೆ ಬೀಗದ ಗುರುತು ಇದ್ದರೆ ಸಾಕು ಅಲ್ವಾ?

ಬ್ಯಾಂಕ್ ಮೇಡಂ: ಸಾಲದು. ನಿಮ್ಮ ಫೋನಿಂದ ಆ ಸೈಟಿಗೆ ಹೋಗುವ ಮಾತು ದಾರಿಯಲ್ಲಿ ಬೇರೆಯವರಿಗೆ ಕೇಳಿಸಲ್ಲ, ಬೀಗ ಹೇಳೋದು ಅಷ್ಟೇ. ಆ ಕಡೆ ಕೂತವನು ಕಳ್ಳನಾದರೆ ಕಳ್ಳನಿಗೇ ಭದ್ರವಾಗಿ ತಲುಪುತ್ತೆ. ಬೀಗ ಕಳ್ಳನಿಗೂ ಬಿಟ್ಟಿ ಸಿಗುತ್ತೆ. ನೀವು ಪುಟದ ಕೆಳಗಡೆ ನೋಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರುವವರು ಕಂಪನಿ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಹಾಕಲೇಬೇಕು. ಜಿಎಸ್‌ಟಿ ನಂಬರ್ ಇದ್ದರೆ 15 ಅಕ್ಷರ ಇರುತ್ತೆ, ಮೊದಲ ಎರಡು ಅಂಕಿ ರಾಜ್ಯದ್ದು. ನಮ್ಮ ಕರ್ನಾಟಕಕ್ಕೆ 29. ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತೆ. ವಿಳಾಸ ಬೆಂಗಳೂರು ಅಂತ ಇದ್ದು ನಂಬರ್ ಬೇರೆ ಯಾವುದೋ ಅಂಕಿಯಿಂದ ಶುರುವಾದರೆ ಅಲ್ಲೇ ನಿಲ್ಲಿ. ಬರೀ ವಾಟ್ಸಾಪ್ ನಂಬರ್ ಒಂದೇ ಇದ್ದರೆ ಮುಟ್ಟಲೇಬೇಡಿ.

ತರೀಕೆರೆ ಮೇಷ್ಟ್ರು: ಫಾರ್ವರ್ಡ್ ಆಗಿದೆ 👇 ಎಚ್ಚರ!! ಎಟಿಎಂನಲ್ಲಿ ಕಳ್ಳರು ಹೆದರಿಸಿದರೆ ನಿಮ್ಮ ಪಿನ್ ಅನ್ನು ಹಿಂದುಮುಂದಾಗಿ ಒತ್ತಿ. ದುಡ್ಡು ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಪೊಲೀಸರಿಗೆ ತಾನಾಗಿ ಕರೆ ಹೋಗುತ್ತದೆ. ಎಲ್ಲರಿಗೂ ಹಂಚಿ.

ಬ್ಯಾಂಕ್ ಮೇಡಂ: ಮೇಷ್ಟ್ರೇ, ಇದು ಸುಳ್ಳು. ನಾನು ಕೆಲಸದಲ್ಲಿ ಇದ್ದಾಗಲೇ ತಿರುಗಾಡುತ್ತಿತ್ತು. ತಿರುಗಿಸಿ ಒತ್ತಿದರೆ ಪಿನ್ ತಪ್ಪು ಅನ್ನುತ್ತೆ, ಅಷ್ಟೇ. 2332 ಅಂತ ಪಿನ್ ಇಟ್ಟವರು ಏನು ತಿರುಗಿಸಬೇಕು?

ಬೇಲೂರು ಸೊಸೆ: ಮೇಡಂ, ನಾನು ಅತ್ತೆಯವರ ಕಾರ್ಡಿನಲ್ಲಿ ಒಂದು ಸೀರೆ ತರಿಸಿದ್ದೆ, 899 ರೂಪಾಯಿ. ಓಟಿಪಿ ಅತ್ತೆಯೇ ಓದಿ ಹೇಳಿದರು. ಇಪ್ಪತ್ತು ದಿನ ಆಯಿತು, ಸೀರೆ ಬಂದಿಲ್ಲ, ಆ ಪೇಜೂ ಕಾಣುತ್ತಿಲ್ಲ. ದೂರು ನಾನು ಕೊಡಬಹುದಾ, ಅವರೇ ಕೊಡಬೇಕಾ? ಅವರಿಗೆ ಇನ್ನೂ ಹೇಳಿಲ್ಲ.

ಮೂಡಿಗೆರೆ ತೋಟ: ಮೇಡಂ, ನಂದು ಸಣ್ಣ ವಿಷಯ. ಕೇಳೋದೋ ಬೇಡವೋ ಅಂತ ಇದ್ದೆ. ಕಳೆ ಹೊಡೆಯುವ ಪೆಟ್ರೋಲ್ ಮಷಿನ್ 1,899 ರೂಪಾಯಿಗೆ ಅಂತ ಫೋನಿನಲ್ಲಿ ಜಾಹೀರಾತು ಬಂತು. ಡೆಬಿಟ್ ಕಾರ್ಡ್ ಹಾಕಿ ತರಿಸಿದೆ. ಪಾರ್ಸೆಲ್ ಬಿಚ್ಚಿದರೆ ಬೇಲಿ ಗಿಡ ಕತ್ತರಿಸುವ ಕತ್ತರಿ. ಅದೂ ಪ್ಲಾಸ್ಟಿಕ್ ಹಿಡಿ. ಮನೆಯವಳು ನಕ್ಕಳು, ನಾನು ಹೋಗಲಿ ಬಿಡು ಅಂತ ಸುಮ್ನೆ ಆದೆ. ಈಗ ಮೊನ್ನೆ ಶುಕ್ರವಾರ ರಾತ್ರಿ ಅದೇ ಕಾರ್ಡಿನಿಂದ 1 ಡಾಲರ್ ಹೋಗಿದೆ ಅಂತ ಮೆಸೇಜ್. ಓಟಿಪಿ ಬಂದೇ ಇಲ್ಲ. ನಮ್ಮ ಮನೆ ಹತ್ರ ಸಿಗ್ನಲ್ ಇಲ್ಲ, ನಿನ್ನೆ ಪೇಟೆಗೆ ಬಂದಾಗ ನೋಡಿದ್ದು. ಒಂದು ಡಾಲರ್ ತಾನೇ, ಬಿಟ್ಟುಬಿಡಲಾ?

ಬ್ಯಾಂಕ್ ಮೇಡಂ: ಬಿಡಬೇಡಿ! ಮೊದಲು ಹೇಳಿ, ಈಗ ಫೋನಿನಲ್ಲಿ ನೆಟ್ ಇದೆಯಾ?

ಮೂಡಿಗೆರೆ ತೋಟ: ಮನೆ ವೈಫೈ ಇದೆ ಮೇಡಂ.

ಬ್ಯಾಂಕ್ ಮೇಡಂ: ಬ್ಯಾಂಕಿನ ಆ್ಯಪ್ ತೆಗೆಯಿರಿ. ಕಾರ್ಡ್ ಅಂತ ಇರುವ ಕಡೆ ಹೋಗಿ ಬ್ಲಾಕ್ ಒತ್ತಿ. ಆಮೇಲೆ ಓದಿ, ನಾನು ಬರೆಯುತ್ತಾ ಇರುತ್ತೇನೆ.

ಬ್ಯಾಂಕ್ ಮೇಡಂ: ಗೌಡ್ರೇ, ಇಲ್ಲಿ ಕತ್ತರಿ ದೊಡ್ಡ ವಿಷಯ ಅಲ್ಲ. ಒಂದು ಡಾಲರ್ ದೊಡ್ಡದು. ಕದ್ದ ಕಾರ್ಡ್ ನಂಬರ್ ಜೀವಂತ ಇದೆಯಾ ಅಂತ ನೋಡುವುದಕ್ಕೆ ಮೊದಲು ಹೀಗೆ ಸಣ್ಣ ಮೊತ್ತ ಎಳೆಯುತ್ತಾರೆ. ಮಾಲೀಕ ಗಮನಿಸಲಿಲ್ಲ, ಬ್ಯಾಂಕ್ ತಡೆಯಲಿಲ್ಲ ಅಂದರೆ ಆಮೇಲೆ ದೊಡ್ಡದು. ನನ್ನ ಮೇಜಿಗೆ ಬಂದ ಎಷ್ಟೋ ಪಾಸ್‌ಬುಕ್ಕುಗಳಲ್ಲಿ ದೊಡ್ಡ ಮೊತ್ತದ ಮೇಲಿನ ಸಾಲಿನಲ್ಲೇ ಇಂಥ ಪುಡಿಗಾಸು ಇರುತ್ತಿತ್ತು. ಜನ ಅದರ ಮೇಲೆ ಬೆರಳಿಟ್ಟು ‘ಇದು ಬ್ಯಾಂಕ್ ಚಾರ್ಜ್ ಅಂದುಕೊಂಡೆ’ ಅನ್ನುತ್ತಿದ್ದರು.

ಓಟಿಪಿ ಯಾಕೆ ಬರಲಿಲ್ಲ? ನಮ್ಮ ದೇಶದ ಒಳಗಿನ ಆನ್‌ಲೈನ್ ವ್ಯಾಪಾರಕ್ಕೆ ಸಾಮಾನ್ಯವಾಗಿ ಓಟಿಪಿಯಂಥ ಇನ್ನೊಂದು ಪರಿಶೀಲನೆ ಬೇಕು. ಹೊರದೇಶದ ಎಷ್ಟೋ ಸೈಟುಗಳು ಕಾರ್ಡ್ ನಂಬರ್, ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ ಇಷ್ಟಿದ್ದರೆ ಎಳೆದುಬಿಡುತ್ತವೆ. ಆ ಮೂರನ್ನೂ ನೀವು ಕಳೆ ಮಷಿನ್ ಸೈಟಿನಲ್ಲಿ ತುಂಬಿಸಿದ್ದೀರಿ. ಅಲ್ಲಿಂದಲೇ ಹೋಯಿತು ಅಂತ ಆಣೆ ಮಾಡಿ ಹೇಳಲಾರೆ, ಆದರೆ ನನಗೆ ಅನುಮಾನ ಅದರ ಮೇಲೇ. ‘ಸೈಟಿನವರು ಕಾರ್ಡ್ ನಂಬರ್ ಇಟ್ಟುಕೊಳ್ಳೋ ಹಾಗಿಲ್ಲವಲ್ಲ’ ಅಂತ ಯಾರಾದರೂ ಕೇಳಬಹುದು. ಹೌದು, 2022ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಹಾಗೇ ಇದೆ. ಕಳ್ಳ ನಿಯಮ ಓದಿಕೊಂಡು ಅಂಗಡಿ ತೆರೆದಿರುತ್ತಾನಾ?

ಈಗ ನೀವು ಹೇಳಿ. ಆ ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಆಗಿದ್ದು ಹೇಗೆ? 2020ರಿಂದ ಹೊಸ ಕಾರ್ಡ್ ಬರುವಾಗ ಅದು ಆಫ್ ಇರುತ್ತೆ.

ಮೂಡಿಗೆರೆ ತೋಟ: ಬ್ಲಾಕ್ ಆಯಿತು ಮೇಡಂ. ಮಗಳ ಪರೀಕ್ಷೆ ಫೀಸ್ ಡಾಲರಿನಲ್ಲಿ ಕಟ್ಟೋದಿತ್ತು, ಆಗ ಅವಳೇ ಆನ್ ಮಾಡಿದ್ದು. ವಾಪಸ್ ಆಫ್ ಮಾಡೋದು ಮರೆತೇ ಹೋಯಿತು.

ಐ.ಜಿ. ರೋಡ್ ಅಂಗಡಿ: ಪೆಟ್ರೋಲ್ ಮಷಿನ್ 1,899ಕ್ಕೆ! ಆ ಬೆಲೆಗೆ ನನಗೇ ಡೀಲರ್ ಕೊಡಲ್ಲ ಸ್ವಾಮಿ. ನಮ್ಮ ಅಂಗಡಿಗೆ ಬಂದಿದ್ದರೆ ಕೈಯಲ್ಲಿ ಹಿಡಿದು, ಸ್ಟಾರ್ಟ್ ಮಾಡಿ ನೋಡಿ ತಗೊಂಡು ಹೋಗಬಹುದಿತ್ತು. ಊರಿನ ಅಂಗಡಿ ಬೇಡ, ಮೋಸ ಹೋದಮೇಲೆ ಅಳು.

ಕೊಪ್ಪದ ಹುಡುಗ: ಅಂಗಡಿಯಣ್ಣ, ಹೋದ ವರ್ಷ ನಿಮ್ಮ ರೋಡಿನಲ್ಲೇ ಒಂದು ಸ್ಪ್ರೇಯರ್ ತಗೊಂಡೆ. ಬಿಲ್ ಕೇಳಿದ್ದಕ್ಕೆ ‘ಬಿಲ್ ಬೇಕಾದ್ರೆ ರೇಟ್ ಬೇರೆ’ ಅಂದರು. ಕೆಟ್ಟು ಹೋದಾಗ ಗುರುತೇ ಇಲ್ಲ ಅನ್ನೋ ಹಾಗೆ ನೋಡಿದರು. ಮೋಸ ಆನ್‌ಲೈನಿನದ್ದು ಮಾತ್ರವಾ?

ಐ.ಜಿ. ರೋಡ್ ಅಂಗಡಿ: ಯಾವ ಅಂಗಡಿ ಹೇಳಪ್ಪ. ಸುಮ್ನೆ ಎಲ್ಲರ ಮೇಲೂ ಹೇಳಬೇಡ.

ಕೊಪ್ಪದ ಹುಡುಗ: ಹೆಸರು ಎಂತಕ್ಕೆ ಮಾರಾಯ್ರೇ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯಿತು.

ಬ್ಯಾಂಕ್ ಮೇಡಂ: ಗೌಡ್ರೇ, ಮುಂದೆ ಕೇಳಿ. ನಿಮಗೆ ಎರಡು ದೂರು ಇವೆ, ಎರಡನ್ನೂ ಒಂದರಲ್ಲೇ ಕಲೆಸಬೇಡಿ. ಕತ್ತರಿಗೆ ಕೊಟ್ಟ 1,899ಕ್ಕೆ ನೀವೇ ಓಟಿಪಿ ಹಾಕಿದ್ದೀರಿ. ಬ್ಯಾಂಕಿನ ಲೆಕ್ಕದಲ್ಲಿ ಅದು ನೀವು ಒಪ್ಪಿ ಕೊಟ್ಟ ದುಡ್ಡು. ಹೇಳಿದ ಮಾಲು ಬರಲಿಲ್ಲ ಅಂತ ‘ಡಿಸ್ಪ್ಯೂಟ್’ ಫಾರಂ ಕೊಡಬೇಕು, ಹಾಗೆ ಮಾರಿದವನಿಂದ ಬ್ಯಾಂಕ್ ಮೂಲಕ ದುಡ್ಡು ವಾಪಸ್ ಎಳೆಯೋದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಜಾಹೀರಾತಿನ ಚಿತ್ರ, ಪಾರ್ಸೆಲ್ ಮೇಲಿನ ಚೀಟಿ, ಕತ್ತರಿಯ ಫೋಟೋ ಮೂರೂ ಜೊತೆಗಿರಲಿ. ಕತ್ತರಿ ಎಸೆಯಬೇಡಿ.

ಒಂದು ಡಾಲರ್ ಬೇರೆ. ಅದಕ್ಕೆ ನಿಮ್ಮ ಒಪ್ಪಿಗೆಯೇ ಇಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಇದಕ್ಕೇ ಇರೋದು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದು ಅಂದರೆ, ಮೂರು ಕೆಲಸದ ದಿನದ ಒಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳು ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಯವರ ತಲೆ ಮೇಲೆ 10,000ದ ತನಕ ಬೀಳಬಹುದು. ಏಳು ದಾಟಿದರೆ ಆಯಾ ಬ್ಯಾಂಕಿನ ನೀತಿ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ನಿಮಗೆ ಶುಕ್ರವಾರ ಬಂದಿದೆ, ನಿನ್ನೆ ಎರಡನೇ ಶನಿವಾರ, ಇವತ್ತು ಭಾನುವಾರ. ಹಾಗಾಗಿ ನಾಳೆ ಸೋಮವಾರ ಮೊದಲ ದಿನ. ಬುಧವಾರದ ತನಕ ಇದೆ ಅಂತ ಕೂರಬೇಡಿ, ಇವತ್ತೇ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ. ದೂರಿನ ಸಂಖ್ಯೆ, ಹೊತ್ತು ಎರಡನ್ನೂ ಕ್ಯಾಲೆಂಡರ್ ಮೇಲೆ ಬರೆದಿಡಿ. ‘ಫೋನಿನಲ್ಲಿ ಹೇಳಿದ್ದೇನೆ’ ಅನ್ನುವುದು ಆಮೇಲೆ ಗಾಳಿಗೆ ಹೋಗುತ್ತೆ, ಸಂಖ್ಯೆ ಹೋಗಲ್ಲ. ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಸ್ಟಮರ್ ಕೇರ್ ಅಂತ ಕಳ್ಳರೂ ನಂಬರ್ ಹಾಕಿರುತ್ತಾರೆ.

ಮೂಡಿಗೆರೆ ತೋಟ: ಸರಿ ಮೇಡಂ. ಸಿಗ್ನಲ್ ಸಿಗುವ ಕಡೆ ಹೋಗಿ ಫೋನ್ ಮಾಡುತ್ತೇನೆ.

ಬಾಳೆಹೊನ್ನೂರು: ಮೇಡಂ, ಓಟಿಪಿ ಹೇಳಿದ್ದರೆ ದುಡ್ಡು ವಾಪಸ್ ಬರುತ್ತಾ?

ಬ್ಯಾಂಕ್ ಮೇಡಂ: ಹೇಳಿದ್ದರೆ ತಪ್ಪು ನಿಮ್ಮದೇ ಅನ್ನಿಸಿಕೊಳ್ಳುತ್ತೆ. ಬ್ಯಾಂಕಿಗೆ ತಿಳಿಸುವ ತನಕ ಹೋದದ್ದು ನಿಮ್ಮ ತಲೆಗೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ಅದಕ್ಕೇ ಬೇಗ ತಿಳಿಸಿ. ಸೈಬರ್ ಮೋಸದ ದೂರಿನ ನಂಬರ್ 1930ಕ್ಕೂ ಫೋನ್ ಮಾಡಿ.

ತರೀಕೆರೆ ಮೇಷ್ಟ್ರು: ಫಾರ್ವರ್ಡ್ ಆಗಿದೆ 👇 ರಿಸರ್ವ್ ಬ್ಯಾಂಕ್ ಸೂಚನೆ: ಕಾರ್ಡ್ ಹಾಕುವ ಮೊದಲು ಎಟಿಎಂನಲ್ಲಿ ಕ್ಯಾನ್ಸಲ್ ಬಟನ್ ಎರಡು ಸಲ ಒತ್ತಿ, ಪಿನ್ ಕದಿಯುವ ಸಾಧನ ನಿಂತುಹೋಗುತ್ತದೆ. ಸೈಬರ್ ಮೋಸಕ್ಕೆ 155260.

ಬ್ಯಾಂಕ್ ಮೇಡಂ: ಇದೂ ಸುಳ್ಳು. ರಿಸರ್ವ್ ಬ್ಯಾಂಕ್ ಹಾಗೆ ಹೇಳಿಲ್ಲ. 155260 ಹಳೇ ನಂಬರ್, ಈಗ 1930. ಮೇಷ್ಟ್ರೇ, ದುಡ್ಡು ಹೋದವನು ಗಾಬರಿಯಲ್ಲಿ ಇದೇ ಹಳೇ ನಂಬರ್ ಒತ್ತುತ್ತಾ ಕೂತರೆ ಆ ಹೊತ್ತಿಗೆ ದುಡ್ಡು ನಾಲ್ಕು ಖಾತೆ ದಾಟಿರುತ್ತೆ. ನಿಮ್ಮ ಉದ್ದೇಶ ಒಳ್ಳೆಯದೇ. ಓದಿ ಕಳಿಸಿ.

ತರೀಕೆರೆ ಮೇಷ್ಟ್ರು: ನಾನು ಬರೆದಿದ್ದಲ್ಲ, ಬಂದಿದ್ದನ್ನು ಹಾಕಿದೆ. ಎಲ್ಲರಿಗೂ ತಿಳಿಯಲಿ ಅಂತ.

ಬ್ಯಾಂಕ್ ಮೇಡಂ: ಅದೇ ತೊಂದರೆ.

ಆಲ್ದೂರು ಅಕ್ಕ: ಮೇಡಂ ನಮ್ಮ ಕಾರ್ಡ್ ಈ ತರದ್ದು. ಇದರಲ್ಲಿ ವಿದೇಶಿ ಬಳಕೆ ಆನ್ ಇದೆಯಾ ನೋಡಿ ಹೇಳ್ತೀರಾ? 📷 📷

ಬ್ಯಾಂಕ್ ಮೇಡಂ: ಅಯ್ಯೋ! ತೆಗೀರಿ ಆ ಫೋಟೋ! ಹಿಂದೆ ಮುಂದೆ ಎರಡೂ ಹಾಕಿದ್ದೀರಲ್ಲ!

ಅಡ್ಮಿನ್: ನಾನು ಡಿಲೀಟ್ ಮಾಡಿದೆ ಮೇಡಂ.

ಬ್ಯಾಂಕ್ ಮೇಡಂ: ಡಿಲೀಟ್ ಸಾಲದು. ಈ ಗುಂಪಿನಲ್ಲಿ ಎಷ್ಟು ಜನ ಇದ್ದೀರಿ? ಎಷ್ಟು ಫೋನಿಗೆ ಆ ಚಿತ್ರ ತಾನಾಗಿ ಇಳಿದಿರುತ್ತೆ? ಅಕ್ಕ, ಈಗಲೇ ಬ್ಲಾಕ್ ಮಾಡಿಸಿ ಹೊಸ ಕಾರ್ಡ್ ತಗೊಳ್ಳಿ. ಚಿತ್ರ ಇಳಿದವರೆಲ್ಲ ಗ್ಯಾಲರಿಯಿಂದಲೂ ತೆಗೆಯಿರಿ. ಮೊದಲನೇ ಸಾಲಲ್ಲೇ ಹೇಳಿದ್ದೆ.

ಆಲ್ದೂರು ಅಕ್ಕ: ತಪ್ಪಾಯ್ತು ಮೇಡಂ. ಮಗ ಬಂದಮೇಲೆ ಮಾಡಿಸ್ತೀನಿ.

ಬ್ಯಾಂಕ್ ಮೇಡಂ: ಮಗ ಬರೋ ತನಕ ಕಾಯಬೇಡಿ. ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಫೋನ್ ಮಾಡಬಹುದು.

ಬೇಲೂರು ಸೊಸೆ: ಮೇಡಂ, ಸೀರೆ ವಿಷಯ ಕೇಳಿದ್ದೆ, ಮೇಲೆ ಹೋಗಿಬಿಟ್ಟಿದೆ.

ಕಡೂರು ತೆಂಗು: ಕ್ಯಾಶ್ ಆನ್ ಡೆಲಿವರಿ ಆದರೆ ಮೋಸ ಇಲ್ಲ ಅಲ್ವಾ ಮೇಡಂ?

ಬ್ಯಾಂಕ್ ಮೇಡಂ: ಕಾರ್ಡ್ ನಂಬರ್ ಉಳಿಯುತ್ತೆ. ಡಬ್ಬದಲ್ಲಿ ಇಟ್ಟಿಗೆ ಬಂದರೆ ದುಡ್ಡು ಉಳಿಯಲ್ಲ.

ಬಾಳೆಹೊನ್ನೂರು: ನನಗೆ ಒಬ್ಬ ಫೋನ್ ಮಾಡಿ, ರೀಫಂಡ್ ಬರುತ್ತೆ, ಯುಪಿಐ ಪಿನ್ ಹಾಕಿ ಅಂತಾನೆ. ಹಾಕಲಾ?

ಬ್ಯಾಂಕ್ ಮೇಡಂ: ಬೇಡ. ಪಿನ್ ಇರೋದು ದುಡ್ಡು ಕೊಡೋದಕ್ಕೆ. ಬರೋ ದುಡ್ಡಿಗೆ ಪಿನ್ ಬೇಕಿಲ್ಲ. ಫೋನ್ ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಅಂದರೂ ಬೇಡ.

ಐ.ಜಿ. ರೋಡ್ ಅಂಗಡಿ: ಇದನ್ನೇ ನಾನು ಹೇಳಿದ್ದು. ಅಂಗಡಿಯಲ್ಲಿ ಈ ಗೋಳು ಇಲ್ಲ.

ಕೊಪ್ಪದ ಹುಡುಗ: ಇಲ್ಲ, ಅಲ್ಲಿ ಬಿಲ್ಲೇ ಇಲ್ಲ.

ಐ.ಜಿ. ರೋಡ್ ಅಂಗಡಿ: ನಾಲಿಗೆ ಬಿಗಿ ಹಿಡಿದು ಮಾತಾಡು. ನಮ್ಮ ಅಪ್ಪನ ಕಾಲದಿಂದ ಸಾಲ ಕೊಟ್ಟು, ಕಾಫಿ ಮಾರಿದ ಮೇಲೆ ಕೊಡಿ ಅಂತ ತೋಟದವರನ್ನು ನಡೆಸಿಕೊಂಡು ಬಂದಿದ್ದೇವೆ. ನಿನ್ನ ಆ್ಯಪ್ ಒಂದು ದಿನ ಸಾಲ ಕೊಡುತ್ತಾ?

ಕೊಪ್ಪದ ಹುಡುಗ: ಕೊಡುತ್ತೆ, ಇಎಂಐ ಅಂತಾರೆ. ಅದಕ್ಕೂ ಬಡ್ಡಿ, ನಿಮ್ಮದಕ್ಕೂ ಬಡ್ಡಿ.

ಕಡೂರು ತೆಂಗು: 😂😂

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಬೇಕಾದರೆ ಖಾಸಗಿಯಾಗಿ ಮಾತಾಡಿಕೊಳ್ಳಿ.

ಮೂಡಿಗೆರೆ ತೋಟ: ಮೇಡಂ, ಗುಡ್ಡದ ಮೇಲಿನ ಗೇಟಿನ ಹತ್ರ ನಿಂತು ಫೋನ್ ಮಾಡಿದೆ. ದೂರಿನ ಸಂಖ್ಯೆ ಕೊಟ್ಟರು. ಕ್ಯಾಲೆಂಡರ್ ಮನೆಯಲ್ಲಿದೆ, ಸದ್ಯ ಅಂಗೈ ಮೇಲೆ ಬರೆದುಕೊಂಡಿದ್ದೇನೆ. ಆದರೆ ಇಲ್ಲಿ ಸಿಗ್ನಲ್ ಸಿಕ್ಕಿದ ಕೂಡಲೇ ಇನ್ನೊಂದು ಮೆಸೇಜ್ ಬಂತು. 412 ಡಾಲರ್, ಕಾರ್ಡ್ ಬ್ಲಾಕ್ ಆಗಿರುವುದರಿಂದ ವ್ಯವಹಾರ ನಡೆದಿಲ್ಲ ಅಂತ. ಹೊತ್ತು ನೋಡಿದರೆ ನಾನು ಬ್ಲಾಕ್ ಒತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ. ಕೈ ನಡುಗುತ್ತಿದೆ.

ಬ್ಯಾಂಕ್ ಮೇಡಂ: ಕೂತುಕೊಳ್ಳಿ ಸ್ವಲ್ಪ. ದುಡ್ಡು ಹೋಗಿಲ್ಲ. ಆ ಎರಡೂ ಮೆಸೇಜಿನ ಸ್ಕ್ರೀನ್‌ಶಾಟ್ ಹೊತ್ತಿನ ಸಮೇತ ಇಟ್ಟುಕೊಳ್ಳಿ. ನಾಳೆ ಶಾಖೆಗೆ ಹೋಗಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ತಿಳಿಸಿದ ಹತ್ತು ಕೆಲಸದ ದಿನದಲ್ಲಿ ಆ ಒಂದು ಡಾಲರ್ ಖಾತೆಗೆ ವಾಪಸ್ ಹಾಕಬೇಕು, 90 ದಿನದಲ್ಲಿ ದೂರು ಮುಗಿಸಬೇಕು. ನಿಮ್ಮ ತಪ್ಪು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ‘ಒಂದು ಡಾಲರಿಗೆ ಇಷ್ಟೆಲ್ಲಾ ಯಾಕೆ ಸಾರ್’ ಅಂತ ಕೌಂಟರಿನಲ್ಲಿ ಕೇಳುತ್ತಾರೆ. ನಾನೂ ಹೊಸದರಲ್ಲಿ ಕೇಳಿದವಳೇ. ಬಗ್ಗಬೇಡಿ. ಮೂವತ್ತು ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, 14448ಕ್ಕೆ ಫೋನ್ ಮಾಡಿ ಕೇಳಬಹುದು. ಕಳ್ಳ ಸೈಟಿನ ಮೇಲೆ ಸಿಇಎನ್ ಠಾಣೆಗೂ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೂ, ಒಂದು ದೂರು ಕೊಡಿ.

ಕೊಪ್ಪದ ಹುಡುಗ: ಕ್ರೆಡಿಟ್ ಕಾರ್ಡ್ ಒಳ್ಳೆಯದಾ, ಡೆಬಿಟ್ ಒಳ್ಳೆಯದಾ ಮೇಡಂ ಇಂಥದ್ದಕ್ಕೆ?

ಬ್ಯಾಂಕ್ ಮೇಡಂ: ಬಿಲ್ ಪೂರ್ತಿ ಕಟ್ಟುವ ಅಭ್ಯಾಸ ಇದ್ದರೆ ಕ್ರೆಡಿಟ್. ಜಗಳ ಮುಗಿಯುವ ತನಕ ನಿಮ್ಮ ಸಂಬಳದ ದುಡ್ಡು ಖಾತೆಯಲ್ಲೇ ಇರುತ್ತೆ. ಇಲ್ಲದಿದ್ದರೆ ಬೇರೆ ಒಂದು ಖಾತೆಯಲ್ಲಿ ಎರಡು ಮೂರು ಸಾವಿರ ಮಾತ್ರ ಇಟ್ಟು ಅದರ ಕಾರ್ಡ್ ಬಳಸಿ. ನಾನು ಮಾಡೋದು ಅದೇ.

ಬಾಳೆಹೊನ್ನೂರು: ಮೇಡಂ ಓಟಿಪಿ ಹೇಳಿಲ್ಲ, ಬರೀ ಲಿಂಕ್ ಒತ್ತಿದೆ. ದುಡ್ಡು ಬರುತ್ತಾ?

ಬ್ಯಾಂಕ್ ಮೇಡಂ: ದುಡ್ಡು ಹೋಗಿದೆಯಾ ಮೊದಲು?

ಬಾಳೆಹೊನ್ನೂರು: ಇಲ್ಲ.

ಬ್ಯಾಂಕ್ ಮೇಡಂ: ಹಾಗಾದರೆ ಬರೋದು ಏನು? ಲಿಂಕಿನಿಂದ ಏನಾದರೂ ಇಳಿಸಿಕೊಂಡಿದ್ದರೆ ಅಳಿಸಿ. ಪಾಸ್‌ವರ್ಡ್ ಬದಲಾಯಿಸಿ.

ತರೀಕೆರೆ ಮೇಷ್ಟ್ರು: ಫಾರ್ವರ್ಡ್ ಆಗಿದೆ 👇 ಕಾರ್ಡನ್ನು ಅಡುಗೆ ಮನೆಯ ಬೆಳ್ಳಿ ಹಾಳೆಯಲ್ಲಿ ಸುತ್ತಿಟ್ಟರೆ ಆನ್‌ಲೈನ್ ಕಳ್ಳರಿಗೆ...

ಬ್ಯಾಂಕ್ ಮೇಡಂ: ಮೇಷ್ಟ್ರೇ, ಚಪಾತಿ ಸುತ್ತಿ. 12 ಆಯಿತು, ನಾನು ಹೊರಟೆ. ಆಲ್ದೂರು ಅಕ್ಕ, ಬ್ಲಾಕ್ ಆಯಿತಾ ಇಲ್ಲವಾ ಅಂತ ಅಡ್ಮಿನ್‌ಗೆ ತಿಳಿಸಿ.

ಅಡ್ಮಿನ್: ಮೇಡಂಗೆ ಧನ್ಯವಾದ 🙏 ಗುಂಪನ್ನು ಸಂಜೆಯ ತನಕ ಮುಚ್ಚುತ್ತಿದ್ದೇನೆ.

ಬೇಲೂರು ಸೊಸೆ: ಮೇಡಂ ಒಂದೇ ನಿಮಿಷ, ನಾಳೆ ಅತ್ತೆ ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಹೋಗ್ತಾರಂತೆ.