ಕಮೋಡ್ ಕಲೆ ಹೋಗ್ತಾನೇ ಇಲ್ಲ, ಉಜ್ಜಿ ಉಜ್ಜಿ ಸಾಕಾಯ್ತು

ಬ್ರಷ್_ಸವೆದವ: ಮೂರು ದಿನದಿಂದ ಉಜ್ಜುತ್ತಿದ್ದೇನೆ. ನಿನ್ನೆ ರಾತ್ರಿಯಿಡೀ ಬ್ಲೀಚ್ ಹಾಕಿ ಬಿಟ್ಟೆ. ಕಲೆ ಹೋಗುವುದಿರಲಿ, ಇನ್ನೂ ಕಡುವಾಗಿದೆ. ಬೇರೆ ಕಮೋಡ್ ಹಾಕಿಸುವುದೇ ವಾಸಿ ಅನ್ನಿಸ್ತಿದೆ.

ಪೈಪುರಾಯ: ಆಸಿಡ್ ಹಾಕಿ. ಮುಗೀತು.

ಶಾಂತ_ಬಕೆಟ್: ರಾಯರೇ, ಬ್ಲೀಚ್ ಹಾಕಿದ್ದಾರೆ ಅಂತ ಓದಿದಿರಾ? ಅದರ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನ್ನೋ ವಿಷಾನಿಲ ಏಳುತ್ತದೆ. ಬಾಗಿಲು ಹಾಕಿಕೊಂಡು ಬಗ್ಗಿ ಉಜ್ಜುವವರ ಗತಿ ಏನು? ಮೊದಲು ನಾಲ್ಕೈದು ಸಲ ಫ್ಲಶ್ ಮಾಡಿ, ಕಿಟಕಿ ತೆಗೆದಿಡಿ. ಕಲೆ ಯಾವ ಬಣ್ಣ? ಎಲ್ಲಿದೆ?

ಬ್ರಷ್_ಸವೆದವ: ಕಲೆ ಅಂದ್ರೆ ಕಲೆ ಸಾರ್. ಕಮೋಡ್ ಒಳಗೇ ಇದೆ.

ಕಲ್ಲುಪ್ರಿಯ: ಪ್ಯೂಮಿಸ್ ಕಲ್ಲು, ಅದೇ ತೂತುತೂತಿನ ಹಗುರ ಕಲ್ಲು, ತಗೊಳ್ಳಿ. ಚೆನ್ನಾಗಿ ನೆನೆಸಿ, ಮೆಲ್ಲಗೆ ಉಜ್ಜಿ.

ಪೈಪುರಾಯ: ಕಲ್ಲಲ್ಲಿ ಉಜ್ಜಿದರೆ ಹೊಳಪೇ ಹೋಗುತ್ತೆ. ಆಮೇಲೆ ಕೊಳೆ ಇನ್ನೂ ಬೇಗ ಕೂರುತ್ತೆ.

ಕಲ್ಲುಪ್ರಿಯ: ಒಣಕಲ್ಲಲ್ಲಿ ಉಜ್ಜಿದರೆ ಹೋಗುತ್ತೆ. ಒದ್ದೆ ಅಂತ ಬರೆದಿದ್ದೇನೆ, ಕಣ್ಣಿಗೆ ಬೀಳಲಿಲ್ವಾ?

ಪೈಪುರಾಯ: ಎಷ್ಟು ಕಮೋಡ್ ಕೂರಿಸಿದ್ದೀರಿ ನೀವು?

ರಿಮ್‌ಲೆಸ್_ರಾಜ: ನಮ್ಮಲ್ಲಿ ಒಳಮಡಿಕೆಯ ಅಂಚಿಲ್ಲದ ರಿಮ್‌ಲೆಸ್ ಕಮೋಡ್, ಜೊತೆಗೆ ಇಡೀ ಮನೆಗೆ ನೀರಿನ ಗಡಸುತನ ತೆಗೆಯೋ ಸಾಫ್ಟ್‌ನರ್. ಕಲೆ ಅಂದ್ರೇನು ಅಂತಲೇ ಗೊತ್ತಿಲ್ಲ.

ಶಾಂತ_ಬಕೆಟ್: ಸಂತೋಷ. ಬ್ರಷ್ ಅವರೇ, ಕೈಗವಸು ಹಾಕಿಕೊಂಡು ಮುಟ್ಟಿ ನೋಡಿ ಹೇಳಿ.

ಬ್ರಷ್_ಸವೆದವ: ಉಪ್ಪುಕಾಗದದ ಥರ ಒರಟಾಗಿದೆ. ತುಕ್ಕಿನ ಬಣ್ಣ. ಹಿಂಬದಿಯಲ್ಲಿ ಬೆರಳಗಲದ ಒಂದೇ ಗೆರೆ, ರಿಮ್ಮಿಂದ ನೀರಿನವರೆಗೆ. ಹಾಂ, ನಮ್ಮದು ಬೋರ್ ನೀರು.

ಶಾಂತ_ಬಕೆಟ್: ಇದನ್ನು ಮೊದಲೇ ಹೇಳಬಾರದಿತ್ತಾ! ಅದು ಕೊಳೆಯಲ್ಲ, ಗಡಸು ನೀರಿನ ಸುಣ್ಣ. ಅದರೊಳಗೆ ಕಬ್ಬಿಣ ಸೇರಿಕೊಂಡಿದೆ. ಬ್ಲೀಚ್ ಸುಣ್ಣವನ್ನು ಕರಗಿಸಲ್ಲ, ಕಬ್ಬಿಣದ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತೆ. ಬ್ಲೀಚ್ ಪೂರ್ತಿ ತೊಳೆದು ಹೋದ ಮೇಲೆ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ. ಕುದಿಯುವ ನೀರು ಬೇಡ, ಪಿಂಗಾಣಿ ಸೀಳಬಹುದು. ಕಮೋಡಿನ ನೀರನ್ನು ಮಗ್ಗಿನಲ್ಲಿ ತೋಡಿ ತೆಗೆಯಿರಿ, ಇಲ್ಲದಿದ್ದರೆ ಹಾಕಿದ್ದೆಲ್ಲ ನೀರುನೀರಾಗುತ್ತೆ. ಟಿಶ್ಯೂ ಕಾಗದವನ್ನು ಆ ಸಿಟ್ರಿಕ್ ಆಸಿಡ್ ನೀರಲ್ಲಿ ಅದ್ದಿ ಗೆರೆಯ ಮೇಲೆ ಅಂಟಿಸಿ, ರಾತ್ರಿಯೆಲ್ಲ ಬಿಡಿ.

ಇನ್ನೊಂದು. ಒಂದೇ ಕಡೆ ಗೆರೆ ಇದೆ ಅಂದರೆ ಫ್ಲಶ್ ಟ್ಯಾಂಕಿನಿಂದ ನೀರು ಸದಾ ಜಿನುಗುತ್ತಿರಬೇಕು. ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ.

ರಿಮ್‌ಲೆಸ್_ರಾಜ: ಸಾಫ್ಟ್‌ನರ್ ಫೋಟೋ ಹಾಕಲಾ?

ಬ್ರಷ್_ಸವೆದವ: ಹತ್ತೇ ನಿಮಿಷಕ್ಕೆ ಕೆಂಪು ಬಣ್ಣ ಅದೇ ಗೆರೆ ಹಿಡಿದು ಇಳಿಯಿತು! ಟ್ಯಾಂಕಿನ ರಬ್ಬರ್ ಬಿಲ್ಲೆ ಸೊಟ್ಟಗಾಗಿತ್ತು, ಬದಲಾಯಿಸಿದೆ. ಬೆಳಿಗ್ಗೆ ಟಿಶ್ಯೂ ಎತ್ತಿದರೆ ಕಲೆ ಮುಕ್ಕಾಲು ಪಾಲು ಮಾಯ. ಉಳಿದದ್ದು ಪ್ಲಾಸ್ಟಿಕ್ ಬ್ರಷ್‌ಗೇ ಪುಡಿಪುಡಿಯಾಗಿ ಎದ್ದು ಬರ್ತಿದೆ. ಇವತ್ತು ರಾತ್ರಿ ಇನ್ನೊಂದು ಸಲ.

ಪೈಪುರಾಯ: ಆಸಿಡ್ ಅಂತ ನಾನು ಮೊದಲೇ ಹೇಳಿದ್ದೆ.